ಓಣಿಯ ಅಳತೆ ಹೊಸ್ತಿಲಿನಿಂದ ಶುರುವಾಗಲಿ

ಕಲಬುರಗಿಯ ಹಳೇ ಊರಿನಲ್ಲಿ ನಮ್ಮ ಓಣಿ. ಕೊನೆಯ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಆಯಿ ಇದ್ದಾರೆ. “ನಾ ಸೊಸಿಯಾಗಿ ಬಂದಾಗ ಮೂರು ಪಾವಟಿಗಿ ಹತ್ತಿ ಮನಿಯೊಳಗ ಹೋಗ್ತಿದ್ದೆ. ಈಗ ಒಂದು ಪಾವಟಿಗಿ ಇಳದು ಹೋಗ್ತೀನಿ” ಎನ್ನುತ್ತಾರೆ. ಅವರ ಮನೆ ಕುಸಿದಿಲ್ಲ, ಓಣಿ ಮೇಲೆದ್ದಿದೆ. ಮೊದಲು ಮುರುಮು, ಅದರ ಮೇಲೆ ಶಹಾಬಾದ್ ಫರಸಿ, ಫರಸಿ ಮೇಲೆ ಡಾಂಬರು, ಡಾಂಬರಿನ ಮೇಲೆ ಸಿಸಿ (ಸಿಮೆಂಟ್ ಕಾಂಕ್ರೀಟು), ಸಿಸಿ ಒಡೆದಾಗ ಇನ್ನೊಂದು ಸಿಸಿ. ಪ್ರತಿ ಸಲವೂ ನಾವೇ ರಸ್ತೆ ಕೇಳಿದೆವು, ಪ್ರತಿ ಸಲವೂ ನಾಲ್ಕೈದು ಇಂಚು ಏರಿತು. 2020ರ ಅಕ್ಟೋಬರ್‌ನಲ್ಲಿ ವಾಯುಭಾರ ಕುಸಿತದ ಮಳೆ ಸುರಿದ ರಾತ್ರಿ ಆಯಿಯ ಮನೆಯೊಳಗೆ ಮೊಣಕಾಲುದ್ದ ನೀರು. ಓಣಿಯ ಹುಡುಗರು ಬೆಳಗಿನವರೆಗೆ ಬಕೆಟ್‌ನಿಂದ ಎತ್ತಿ ಎತ್ತಿ ಹಾಕಿದರು. ಎತ್ತಿ ಹಾಕಿದ ನೀರು ಮತ್ತೆ ಒಳಗೇ ಬರುತ್ತಿತ್ತು.

ಅದೇ ಸಿಮೆಂಟು ಮೇ ತಿಂಗಳಲ್ಲಿ ಇನ್ನೊಂದು ಕಾಟ ಕೊಡುತ್ತದೆ. ಹಗಲು 43, 44 ಡಿಗ್ರಿ ಕುಡಿದ ನೆಲ ರಾತ್ರಿ ಹತ್ತಾದರೂ ಝಳ ಬಿಡುತ್ತಲೇ ಇರುತ್ತದೆ. ಬಾಗಿಲ ಮುಂದೆ ಹೊರಸು ಹಾಕಿ ಮಲಗುವ ರೂಢಿ ನಮ್ಮ ಓಣಿಯಲ್ಲಿ ನಿಂತುಹೋದದ್ದು ಕಳ್ಳರ ಭಯದಿಂದಲ್ಲ, ಈ ಝಳದಿಂದ.

ರಸ್ತೆಯ ಎಸ್ಟಿಮೇಟ್‌ನಲ್ಲಿ ಉದ್ದ ಇರುತ್ತದೆ, ಅಗಲ ಇರುತ್ತದೆ, ದಪ್ಪ ಇರುತ್ತದೆ. ಆಯಿಯ ಹೊಸ್ತಿಲು ಎಷ್ಟು ಎತ್ತರದಲ್ಲಿದೆ ಎಂಬುದು ಇರುವುದಿಲ್ಲ. ಅದನ್ನು ಬಲ್ಲವರು ಓಣಿಯ ಜನ. ಎಸ್ಟಿಮೇಟ್ ಮಂಜೂರಾದ ಮೇಲೆ ಅವರು ಬಾಯಿ ಬಿಟ್ಟರೆ ಉಪಯೋಗ ಕಡಿಮೆ. ಆದ್ದರಿಂದ ಅದಕ್ಕೂ ಮೊದಲೇ ಓಣಿಯವರೆಲ್ಲ ಕೂತು ತಮ್ಮ ಓಣಿಯನ್ನು ಹೇಗೆ ಅಳೆಯಬೇಕು, ಹೇಗೆ ಗೆರೆ ಹಾಕಬೇಕು, ಹೇಗೆ ಕೇಳಬೇಕು ಎಂಬುದನ್ನು, ನಾವು ಮಾಡಿ ಕಲಿತ ಮಟ್ಟಿಗೆ ಇಲ್ಲಿ ಬರೆದಿದ್ದೇನೆ. ಬೀದರ್, ಯಾದಗಿರಿಯವರಿಗೂ ಬಹುಪಾಲು ಒಪ್ಪುತ್ತದೆ. ಒಪ್ಪದ ಕಡೆ ಅದನ್ನೇ ಹೇಳಿದ್ದೇನೆ.

ಒಂದು ವರ್ಷ ಇಟ್ಟುಕೊಳ್ಳಿ

ಇದು ಎರಡು ತಿಂಗಳ ಕೆಲಸವಲ್ಲ. ಬಿಸಿಲನ್ನು ಮೇ ತಿಂಗಳಲ್ಲೇ ನೋಡಬೇಕು, ನೀರನ್ನು ಮಳೆಗಾಲದಲ್ಲೇ ನೋಡಬೇಕು. ನಮ್ಮ ಕಡೆ ಮಿರಗಕ್ಕೆ, ಅಂದರೆ ಜೂನ್ ಮೊದಲ ಭಾಗದ ಮೃಗಶಿರಾ ಮಳೆಗೆ, ಶುರುವಾದ ಮಳೆ ಸೆಪ್ಟೆಂಬರ್‌ನಲ್ಲಿ ಜೋರಾಗುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಕೂತು ಯೋಜನೆ ಮಾಡಿ. ಡಿಸೆಂಬರ್‌ನೊಳಗೆ ಅರ್ಜಿ ಪಾಲಿಕೆಗೆ ಹೋಗಲಿ, ಏಕೆಂದರೆ ಮುಂದಿನ ವರ್ಷದ ಬಜೆಟ್ಟಿನ ತಯಾರಿ ಆ ಹೊತ್ತಿಗೆ ಶುರುವಾಗಿರುತ್ತದೆ. ಮಾರ್ಚ್‌ನಲ್ಲಿ ಅರ್ಜಿ ಹಿಡಿದು ಹೋದರೆ ಒಂದು ವರ್ಷ ಕಳೆದಂತೆ.

ಮೊದಲ ಸಭೆ

ನಮ್ಮ ಮೊದಲ ಸಭೆ ಕೆಟ್ಟಿತು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಗುಡಿಯ ಹಾಲಿನಲ್ಲಿ ಕರೆದಿದ್ದೆವು. ಹದಿನಾಲ್ಕು ಗಂಡಸರು ಬಂದರು, ಒಬ್ಬ ಹೆಣ್ಣುಮಗಳು ಬಂದಳು. ಅವತ್ತು ನಳ ಬರುವ ದಿನವಾಗಿತ್ತು. ಕೊಡ ಬಿಟ್ಟು ಯಾರು ಬರುತ್ತಾರೆ? ನೀರಿನ ಬಗ್ಗೆ ಮಾತಾಡಲು ನೀರು ಹಿಡಿಯುವವರನ್ನೇ ಬಿಟ್ಟು ಕೂತಿದ್ದೆವು.

ಎರಡನೇ ಸಲ ಬೇವಿನ ಕಟ್ಟೆಯ ಹತ್ತಿರ, ಸಂಜೆ ಹೊತ್ತು ಮುಳುಗಿದ ಮೇಲೆ, ನಳ ಇಲ್ಲದ ದಿನ ಸೇರಿದೆವು. ಗುಡಿಯೂ ಬೇಡ, ಮಸೀದಿಯೂ ಬೇಡ, ಯಾರ ಮನೆಯ ಪಡಸಾಲೆಯೂ ಬೇಡ. ಓಣಿಯಲ್ಲೇ ಕೂತರೆ ಯಾರಿಗೂ ಮತ್ತೊಬ್ಬರ ಹೊಸ್ತಿಲು ತುಳಿದ ಸಂಕೋಚ ಇರುವುದಿಲ್ಲ. ಚೀಟಿ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿ. ಚೀಟಿಗಿಂತ ಮನೆ ಮನೆಗೆ ಹೋಗಿ ಬಾಯಲ್ಲಿ ಹೇಳಿದ್ದೇ ಹೆಚ್ಚು ಕೆಲಸ ಮಾಡುತ್ತದೆ. ರಮಜಾನ್ ಸಂಜೆ, ಶ್ರಾವಣ ಸೋಮವಾರ, ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸು ಇವನ್ನು ಬಿಟ್ಟು ದಿನ ಹಿಡಿಯಿರಿ.

ಯಾರು ಬರಬೇಕು ಎಂಬುದನ್ನು ಮನಸ್ಸಿಟ್ಟು ಯೋಚಿಸಿ. ಬಾಡಿಗೆದಾರರನ್ನು ಯಾರೂ ಕರೆಯುವುದಿಲ್ಲ, “ಅವರು ಇವತ್ತು ಇದ್ದು ನಾಳೆ ಹೋಗೋರು” ಎನ್ನುತ್ತಾರೆ. ಆದರೆ ನೀರು ನುಗ್ಗುವ ತಗ್ಗಿನ ಖೋಲಿಗಳಲ್ಲಿ ಇರುವವರು ಅವರೇ, ಮಾಲೀಕರು ಹೊಸ ಬಡಾವಣೆಯಲ್ಲಿದ್ದಾರೆ. ಓಣಿಗೆ ಬರುವ ತಳ್ಳುಗಾಡಿಯವರು, ಹಾಲಿನವರು, ಆಟೋದವರು, ಗಾಲಿಕುರ್ಚಿಯಲ್ಲಿ ಓಡಾಡುವವರು, ಶಾಲೆಯ ಮಕ್ಕಳು ಬರಲಿ. ಗಟಾರು ತೆಗೆಯುವ ಪೌರಕಾರ್ಮಿಕರು ಬರಲೇಬೇಕು. ಅವರಿಗೆ ಅನುಕೂಲವಾದ ಹೊತ್ತು ಕೇಳಿ, ಕುರ್ಚಿ ಕೊಟ್ಟು ಕೂಡಿಸಿ, ಮೊದಲು ಅವರನ್ನೇ ಮಾತಾಡಿಸಿ.

ಮೊದಲ ದಿನ ನಕ್ಷೆ ತೋರಿಸಬೇಡಿ. ನಕ್ಷೆ ಕಂಡ ಕೂಡಲೇ ಜನ “ಸಾಹೇಬರು ಎಲ್ಲಾ ಮಾಡ್ಯಾರ, ನಾವೇನು ಹೇಳೋದದ” ಎಂದು ಸುಮ್ಮನಾಗುತ್ತಾರೆ. ಮೂರೇ ಪ್ರಶ್ನೆ ಸಾಕು: ನೀರು ಎಲ್ಲಿ ನಿಲ್ತದ? ಮಧ್ಯಾಹ್ನ ಎಲ್ಲಿ ಕೂಡ್ತೀರಿ? ರಾತ್ರಿ ಎಲ್ಲಿ ನಡೀಲಿಕ್ಕೆ ಅಂಜಿಕಿ ಆಗ್ತದ? ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ.

ಹೊಸ್ತಿಲ ಅಳತೆ

ಈ ಇಡೀ ಕೆಲಸದಲ್ಲಿ ಒಂದನ್ನೇ ಮಾಡಲು ಸಾಧ್ಯ ಎಂದರೆ ಇದನ್ನು ಮಾಡಿ. ಗೌಂಡಿಗಳ ಹತ್ತಿರ ಪಾರದರ್ಶಕ ಲೆವೆಲ್ ಪೈಪು ಇರುತ್ತದೆ. ಇಪ್ಪತ್ತು ಮೀಟರ್ ಉದ್ದದ್ದು ಸಿಕ್ಕರೆ ಒಳ್ಳೆಯದು. ನಮ್ಮ ಓಣಿಯ ಗೌಂಡಿ ಕಾಕಾ ಅದರೊಳಗೆ ಚಿಟಿಕೆ ಕುಂಕುಮ ಕದಡಿದ ನೀರು ತುಂಬಿಸಿದರು, ಗೆರೆ ಚೆನ್ನಾಗಿ ಕಾಣಲಿ ಎಂದು. ಒಳಗೆ ಗಾಳಿ ಗುಳ್ಳೆ ಇರಬಾರದು. ಇದ್ದರೆ ಲೆಕ್ಕ ತಪ್ಪುತ್ತದೆ, ಪೈಪು ಎತ್ತಿ ಬೆರಳಿನಿಂದ ತಟ್ಟಿ ಹೊರಡಿಸಿ.

ಓಣಿಯ ಬಾಯಿಯಲ್ಲಿ ಒಂದು ಗಟ್ಟಿ ಗೋಡೆಯ ಮೇಲೆ, ಎದೆಯೆತ್ತರಕ್ಕೆ, ಗೆರೆ ಹಾಕಿ. ಪೈಪಿನ ಒಂದು ತುದಿಯ ನೀರು ಆ ಗೆರೆಗೆ ನಿಲ್ಲಬೇಕು. ಇನ್ನೊಂದು ತುದಿಯನ್ನು ಮುಂದಿನ ಮನೆಯ ಗೋಡೆಗೆ ಹಿಡಿದು, ನೀರು ಅಲುಗಾಟ ನಿಲ್ಲಿಸಿದ ಮೇಲೆ, ಅಲ್ಲೊಂದು ಗೆರೆ. ಅಳೆಯುವಾಗ ಎರಡೂ ತುದಿ ತೆರೆದಿರಲಿ, ಹೆಬ್ಬೆರಳು ಮುಚ್ಚಬಾರದು. ಹೀಗೆ ಮನೆಯಿಂದ ಮನೆಗೆ ಸಾಗಿದರೆ ಇಡೀ ಓಣಿಯ ಗೋಡೆಗಳ ಮೇಲೆ ಒಂದೇ ಮಟ್ಟದ ಗೆರೆ ಓಡುತ್ತದೆ. ನೆಲ ಏರಲಿ ಇಳಿಯಲಿ, ಆ ಗೆರೆ ಮಾತ್ರ ಸಮ.

ಆಮೇಲೆ ಪ್ರತಿ ಮನೆಯ ಮುಂದೆ ಎರಡು ಅಳತೆ: ಗೆರೆಯಿಂದ ಹೊಸ್ತಿಲಿಗೆ ಎಷ್ಟು, ಗೆರೆಯಿಂದ ರಸ್ತೆಗೆ ಎಷ್ಟು. ಆಯಿಯ ಮನೆಯಲ್ಲಿ ಹೊಸ್ತಿಲಿಗೆ 142 ಸೆಂಟಿಮೀಟರ್, ರಸ್ತೆಗೆ 129. ಅಂದರೆ ಅವರ ಹೊಸ್ತಿಲು ರಸ್ತೆಗಿಂತ 13 ಸೆಂಟಿಮೀಟರ್ ಕೆಳಗೆ. ಓಣಿಯ ಬಾಯಿಯ ಮನೆಯಲ್ಲಿ ಲೆಕ್ಕ ತಿರುವುಮುರುವು, ಹೊಸ್ತಿಲು ರಸ್ತೆಗಿಂತ ಎರಡಡಿ ಮೇಲೆ. ಒಂದು ಶಾಲೆಯ ಹುಡುಗಿ ಇವನ್ನೆಲ್ಲ ಪಟ್ಟಿಗೆ ಇಳಿಸಿದಳು. 38 ಮನೆ, 38 ಸಾಲು. ಸಂಜೆ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದಳು. ಒಂಬತ್ತು ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗೆ ಎಂದು ಕೇಳಿದಾಗ ಕಟ್ಟೆಯ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಷ್ಟು ವರ್ಷ ಒಂದೇ ಓಣಿಯಲ್ಲಿದ್ದೂ ಮೇಲಿನವರಿಗೆ ಕೆಳಗಿನವರ ಸಂಕಟದ ಅಳತೆ ಗೊತ್ತಿರಲಿಲ್ಲ.

ಅಳತೆ ಜಗಳವನ್ನೂ ತರುತ್ತದೆ. ಬೈಕ್ ಹತ್ತಿಸಲು ಬಾಗಿಲ ಮುಂದೆ ಇಳಿಜಾರು ಕಟ್ಟಿಸಿಕೊಂಡವರು ನಮ್ಮಲ್ಲಿ ಆರು ಮಂದಿ. ಆ ಇಳಿಜಾರುಗಳು ಗಟಾರಿನ ನೀರನ್ನು ಎದುರುಮನೆಗೆ ತಳ್ಳುತ್ತವೆ ಎಂಬುದು ಪಟ್ಟಿಯಿಂದ ಹೊರಬಿತ್ತು. ಇಬ್ಬರು ಎರಡು ವಾರ ಮಾತು ಬಿಟ್ಟರು. ಒಡೆಯಿರಿ ಎಂದು ಯಾರೂ ಹೇಳಲಿಲ್ಲ. ಇಳಿಜಾರಿನ ಅಡಿ ನೀರು ಹೋಗಲು ಅಗಲದ ಪೈಪು ಇಡೋಣ ಎಂದಾಗ ಒಪ್ಪಿದರು. ಒಬ್ಬರನ್ನು ಅಪರಾಧಿ ಮಾಡುವ ಮಾತು ಸಭೆಯಲ್ಲಿ ಬಂದರೆ ಅಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ಸಭೆಗೆ ಅರ್ಧ ಓಣಿ ಬರುವುದಿಲ್ಲ.

ಈ ಪಟ್ಟಿಯಿಂದ ಹುಟ್ಟುವ ನಿಯಮ ಒಂದೇ: ಮುಗಿದ ರಸ್ತೆ ಓಣಿಯ ಅತಿ ತಗ್ಗಿನ ಹೊಸ್ತಿಲಿಗಿಂತ ಕನಿಷ್ಠ 15 ಸೆಂಟಿಮೀಟರ್ ಕೆಳಗಿರಬೇಕು. ಅದಕ್ಕೆ ಹಳೆಯ ಪದರಗಳನ್ನು ಕಿತ್ತು ತೆಗೆಯಲೇಬೇಕು. ಕೀಳುವುದಕ್ಕೂ ಸಾಗಿಸುವುದಕ್ಕೂ ಹಣ ಬೇಕು. ಎಸ್ಟಿಮೇಟ್‌ನಲ್ಲಿ ಅದಕ್ಕೆ ಬೇರೆ ಸಾಲು ಇರದಿದ್ದರೆ ಗುತ್ತಿಗೆದಾರ ಹಳೆಯದರ ಮೇಲೇ ಹಾಕುತ್ತಾನೆ, ಅವನ ಮೇಲೆ ಸಿಟ್ಟಾಗಿ ಫಲವಿಲ್ಲ. ಒಂದೆರಡು ಮನೆ ತೀರಾ ತಗ್ಗಿದ್ದು, ಅಷ್ಟು ಆಳಕ್ಕೆ ಹೋದರೆ ಮುಖ್ಯ ಗಟಾರಿಗೆ ಇಳಿಜಾರು ಸಿಗದೆ ಹೋಗಬಹುದು. ಅಂಥ ಮನೆಗಳಿಗೆ ಹೊಸ್ತಿಲ ಮುಂದೆ ಕಬ್ಬಿಣದ ಜಾಳಿಗೆ ಮುಚ್ಚಿದ ಅಡ್ಡಗಾಲುವೆ ಕೇಳಿ.

ಮಳೆಯಲ್ಲಿ ಒಂದು ನಡಿಗೆ

ಒಳ್ಳೆಯ ಮಳೆ ಬಂದ ದಿನ ಕೊಡೆ ಹಿಡಿದು ಎರಡು ಮೂರು ಮಂದಿ ಓಣಿ ಸುತ್ತಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಮೊಬೈಲಿನಲ್ಲಿ ಹಿಡಿಯಿರಿ. ಮಳೆ ನಿಂತು ಒಂದು ತಾಸಿಗೆ ಎಲ್ಲಿ ನಿಂತಿದೆ, ಮರುದಿನ ಎಲ್ಲಿ ನಿಂತಿದೆ ಎಂಬುದನ್ನೂ ಗುರುತು ಹಾಕಿ. ಗುಂಡಿಯಲ್ಲೋ ಡ್ರಮ್ಮಿನಲ್ಲೋ ವಾರಕ್ಕಿಂತ ಹೆಚ್ಚು ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬಂದುಬಿಡುತ್ತದೆ. ಡೆಂಗಿ ಬಂದ ಮನೆಗಳನ್ನು ಈ ಗುರುತುಗಳ ಪಕ್ಕ ಇಟ್ಟು ನೋಡಿ.

ನಮಗೆ ಈ ನಡಿಗೆಗಿಂತ ಆಮೇಲಿನ ಲೆಕ್ಕ ದೊಡ್ಡದಾಯಿತು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮನೆಗಳ ಮಾಳಿಗೆ ಸರಾಸರಿ 60 ಚದರ ಮೀಟರ್. 25 ಮಿಲಿಮೀಟರ್, ಅಂದರೆ ಒಂದು ಇಂಚಿನ ಮಳೆಗೆ 38 ಮನೆಗಳಿಂದ 57,000 ಲೀಟರ್ ಕೆಳಗಿಳಿಯುತ್ತದೆ. 5,000 ಲೀಟರ್‌ನ ಹನ್ನೊಂದು ಟ್ಯಾಂಕರ್‌ಗಿಂತ ಹೆಚ್ಚು. ಓಣಿ 140 ಮೀಟರ್ ಉದ್ದ, 3.3 ಮೀಟರ್ ಅಗಲ. ಅದರ ಮೇಲೆ ನೇರವಾಗಿ ಬೀಳುವುದು ಸುಮಾರು 11,500 ಲೀಟರ್ ಮಾತ್ರ. ಆಯಿಯ ಮನೆಗೆ ನುಗ್ಗಿದ ನೀರು ಓಣಿಯದ್ದಲ್ಲ, ನಮ್ಮ ನಿಮ್ಮ ಮಾಳಿಗೆಗಳದ್ದು. ಏಪ್ರಿಲ್‌ನಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸುವವರೂ ನಾವೇ.

ಇದನ್ನು ನಿಮ್ಮ ಓಣಿಯ ಸಂಖ್ಯೆಗಳಿಂದಲೇ ಲೆಕ್ಕ ಹಾಕಿ ಹಲಗೆಯ ಮೇಲೆ ಬರೆದು ನಿಲ್ಲಿಸಿ. ಮನೆಗೊಂದು 1,000 ಲೀಟರ್‌ನ ಟ್ಯಾಂಕು ಮಾಳಿಗೆಯ ಪೈಪಿಗೆ ಜೋಡಿಸಿದರೂ ಆ ಒಂದು ಮಳೆಯಲ್ಲಿ 38,000 ಲೀಟರ್ ಓಣಿಗೆ ಬರುವುದಿಲ್ಲ, ಅಂದರೆ ಮೂರರಲ್ಲಿ ಎರಡು ಪಾಲು. ಟ್ಯಾಂಕಿಗೆ ಸ್ಥಳವಿಲ್ಲದವರಿಗೆ 200 ಲೀಟರ್‌ನ ಡ್ರಮ್ಮಾದರೂ ಇರಲಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ತಿರುಗಣೆ, ಸೊಳ್ಳೆ ಹೋಗದಂತೆ ಮುಚ್ಚಳ ಮತ್ತು ಬಟ್ಟೆ ಇರಲೇಬೇಕು.

ನೆಲದ ಗುಣ

ಇಂಗುಗುಂಡಿ ತೋಡಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಕಲಬುರಗಿಯ ಎರೆನೆಲದಲ್ಲಿ ಅದನ್ನು ಕಣ್ಣುಮುಚ್ಚಿ ಮಾಡಬೇಡಿ. ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಮೊದಲ ಮಳೆಯನ್ನು ನುಂಗುತ್ತದೆ, ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಇಳಿಯುವುದಿಲ್ಲ. ಹೀಗೆ ಉಬ್ಬುವುದು ಕುಗ್ಗುವುದು ಅಡಿಪಾಯದ ಪಕ್ಕದಲ್ಲೇ ನಡೆದರೆ ಗೋಡೆ ಬಿರುಕು ಬಿಡುತ್ತದೆ. ಗೋಡೆಯಿಂದ ಕನಿಷ್ಠ 3 ಮೀಟರ್ ದೂರ ಇರಬೇಕು ಎಂದುಕೊಂಡರೆ, ಹನ್ನೊಂದಡಿಯ ಓಣಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಬೀದರ್ ಬೇರೆ. ಅಲ್ಲಿ ಜಂಬಿಟ್ಟಿಗೆಯ ಕೆಂಪು ನೆಲ, ಸಂದುಗೊಂದಿನಿಂದ ನೀರು ಇಳಿಯುತ್ತದೆ, ಒಳಗೇ ಹರಿಯುತ್ತದೆ. ಬಹಮನಿಯ ಕಾಲದವರು ನೌಬಾದ್‌ನಲ್ಲಿ ನೆಲದಡಿ ಸುರಂಗ ಕೊರೆದು, ನಡುನಡುವೆ ಗಾಳಿಬಾವಿ ತೆಗೆದು, ಕರೇಜ್ ಕಟ್ಟಿದ್ದು ಈ ಗುಣವನ್ನು ಬಲ್ಲವರಾಗಿದ್ದರಿಂದ. ಬೀದರ್‌ನ ಓಣಿಯಲ್ಲಿ ಇಂಗುಗುಂಡಿ ಒಳ್ಳೆಯ ಕೆಲಸ. ಆದರೆ ಅದೇ ಗುಣದಿಂದ ಅಲ್ಲಿ ಬಚ್ಚಲ ನೀರೂ ಶೌಚದ ನೀರೂ ಅಷ್ಟೇ ಬೇಗ ಬಾವಿಗೆ ಇಳಿಯುತ್ತವೆ. ಇಂಗಿಸುವುದು ಮಾಳಿಗೆಯ ನೀರನ್ನು ಮಾತ್ರ.

ನಿಮ್ಮದು ಯಾವ ನೆಲ ಎಂದು ತಿಳಿಯಲು ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ, ಒಮ್ಮೆ ನೀರು ತುಂಬಿಸಿ ಇಳಿಯಲು ಬಿಡಿ. ಎರಡನೇ ಸಲ ತುಂಬಿಸಿ ಒಂದು ತಾಸಿಗೆ ಎಷ್ಟು ಇಳಿಯಿತು ಅಳೆಯಿರಿ. ಎರೆಯಲ್ಲಿ ಬೆರಳಿನಷ್ಟೂ ಇಳಿಯದೆ ಹೋಗಬಹುದು. ಹಾಗಾದರೆ ಮಾಳಿಗೆಯ ನೀರನ್ನು ಹಿಡಿದಿಡಿ. ಮಿಕ್ಕದ್ದನ್ನು ಓಣಿಯ ಹಳೇ ಬಾವಿಗೋ ಬತ್ತಿದ ಬೋರಿಗೋ ಜಲ್ಲಿ, ಮರಳಿನ ಸೋಸುಗುಂಡಿ ದಾಟಿಸಿ ಬಿಡಿ. ನಮ್ಮ ಓಣಿಯಲ್ಲಿ ಕಸ ತುಂಬಿ ಮುಚ್ಚಿದ್ದ ಒಂದು ಬಾವಿ ಇತ್ತು. ಅದರ ಜಾಗ ತೋರಿಸಿದವರು ಎಂಬತ್ತರ ಒಬ್ಬ ಚಾಚಾ. ಹಳೇ ಓಣಿಗಳಲ್ಲಿ ಇಂಥ ಬಾವಿಗಳು ಮುದುಕರ ನೆನಪಿನಲ್ಲಿ ಮಾತ್ರ ಉಳಿದಿರುತ್ತವೆ. ಕೇಳಿ ಬರೆದಿಟ್ಟುಕೊಳ್ಳಿ.

ಮೇಲ್ಮೈ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಲಾರಿ ಓಡಾಡದ ಓಣಿಗೆ ಸಿಸಿ ಬೇಡ, ಶಹಾಬಾದ್ ಕಲ್ಲು ಬೇಕು. ಅದು ನಮ್ಮ ಜಿಲ್ಲೆಯ ಸುಣ್ಣಕಲ್ಲು, ಕೂಡಿಸಲು ಬಲ್ಲ ಕೈಗಳು ಇಲ್ಲೇ ಇವೆ. ನೀರಿನ ಪೈಪು ಒಡೆದರೆ ನಾಲ್ಕು ಕಲ್ಲು ಎತ್ತಿ, ರಿಪೇರಿ ಮಾಡಿ, ಅದೇ ನಾಲ್ಕು ಕಲ್ಲನ್ನು ಅದೇ ಮಟ್ಟಕ್ಕೆ ಕೂಡಿಸಬಹುದು. ಓಣಿ ಮೇಲೇರುವುದಿಲ್ಲ. ಸಿಸಿ ಆದರೆ ಒಡೆಯುತ್ತಾರೆ, ತೇಪೆ ಹಾಕುತ್ತಾರೆ, ಐದು ವರ್ಷಕ್ಕೆ ಮೇಲೊಂದು ಪದರ ಹಾಕುತ್ತಾರೆ. ಎರೆಯ ಮೇಲೆ ನೇರವಾಗಿ ಕಲ್ಲು ಕೂಡಿಸಿದರೆ ಒಂದೇ ಮಳೆಗಾಲಕ್ಕೆ ಅಲುಗಾಡುತ್ತವೆ. ಎರೆ ತೆಗೆದು, ಮುರುಮು ತುಂಬಿ ದಮ್ಮಸು ಮಾಡಿ, ಜಲ್ಲಿ ಮತ್ತು ಮರಳಿನ ಹಾಸಿನ ಮೇಲೆ ಕೂಡಿಸಬೇಕು. ಪಾಲಿಶ್ ಮಾಡಿದ ಕಲ್ಲು ಮನೆಯ ನೆಲಕ್ಕೆ ಸರಿ, ಓಣಿಗೆ ತರಕಲು ಕಲ್ಲೇ ಕೇಳಿ, ಮಳೆಯಲ್ಲಿ ಮುದುಕರು ಜಾರಬಾರದು. ಓಣಿ ಕಿರಿದಾಗಿದ್ದರೆ ಎರಡೂ ಬದಿಯಿಂದ ನಡುವಿಗೆ ಇಳಿಜಾರು ಕೊಟ್ಟು ಮಳೆನೀರಿನ ತೋಡನ್ನು ಮಧ್ಯದಲ್ಲಿ ಮಾಡಿ. ನೀರು ಗೋಡೆಗಳಿಂದ ದೂರ ಹರಿಯುತ್ತದೆ.

ಗಟಾರಿನ ಬಗ್ಗೆ ನಮ್ಮ ಓಣಿಗೆ ಬರುವ ಪೌರಕಾರ್ಮಿಕ ಅಕ್ಕ ಒಂದೇ ಮಾತು ಹೇಳಿದರು: “ಕಲ್ಲು ಎತ್ತಾಕ ನಾಕು ಮಂದಿ ಬೇಕ್ರಿ, ನಾವು ಇಬ್ಬರೇ ಬರ್ತೀವಿ. ಹಂಗಾಗಿ ಎತ್ತಂಗಿಲ್ಲ.” ಅಲ್ಲಿಯವರೆಗೆ ನಾವೆಲ್ಲ ಅವರು ಗಟಾರು ತೆಗೆಯುವುದಿಲ್ಲ ಎಂದು ದೂರುತ್ತಿದ್ದೆವು. ಮುಚ್ಚುವ ಕಲ್ಲು ಇಬ್ಬರು ಎತ್ತುವಷ್ಟು ಹಗುರ ಇರಲಿ, ಹಿಡಿಯಲು ಕಬ್ಬಿಣದ ಬಳೆ ಇರಲಿ, ಗಟಾರು ಸಲಿಕೆ ತಿರುಗುವಷ್ಟು ಅಗಲ ಇರಲಿ. ಮನುಷ್ಯರು ಒಳಗಿಳಿದು ಮಲ ಬಳಿಯುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಯಾರೂ ಇಳಿಯಬೇಕಾಗದಂತೆ ಕಟ್ಟುವುದು ನಕ್ಷೆಯ ಹಂತದಲ್ಲೇ ಆಗಬೇಕಾದ ಕೆಲಸ.

ನೆರಳು

ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಗೆ ಬೇಸಿಗೆ ಮಧ್ಯಾಹ್ನ ಹೋಗಿ ನೋಡಿ. 1367ರ ಕಟ್ಟಡ. ಬೇರೆಡೆಯ ದೊಡ್ಡ ಮಸೀದಿಗಳಂತೆ ಬಯಲು ಅಂಗಳ ಅದಕ್ಕಿಲ್ಲ, ಇಡೀ ಜಾಗ ಗುಮ್ಮಟ, ಕಮಾನುಗಳ ಅಡಿ ನೆರಳಿನಲ್ಲಿದೆ. ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ ಒಳಗೆ ಬರಿಗಾಲಲ್ಲಿ ನಿಲ್ಲಬಹುದು.

ನಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ನೇರವಾಗಿ ಬರುವುದು ಮೇ 8ರ ಆಸುಪಾಸು. ಆ ದಿನಗಳ ನಡುಮಧ್ಯಾಹ್ನ ಗೋಡೆಗಳಿಗೆ ನೆರಳೇ ಇರುವುದಿಲ್ಲ. ಓಣಿ ಎಷ್ಟೇ ಕಿರಿದಿರಲಿ, ಆ ಹೊತ್ತಿಗೆ ನೆರಳು ಕೊಡುವುದು ತಲೆಯ ಮೇಲಿರುವ ವಸ್ತು ಮಾತ್ರ, ಮರ ಅಥವಾ ಬಟ್ಟೆ. ಮೇ ತಿಂಗಳಲ್ಲಿ ಒಂದು ದಿನ ಬೆಳಗ್ಗೆ ಹತ್ತು, ಮಧ್ಯಾಹ್ನ ಒಂದು, ಸಂಜೆ ನಾಲ್ಕು ಗಂಟೆಗೆ ಮಕ್ಕಳ ಕೈಗೆ ಸುಣ್ಣದ ಬಳಪ ಕೊಟ್ಟು ನೆರಳಿನ ಅಂಚು ಗೆರೆ ಹಾಕಿಸಿ. ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನೂ ಬರೆದುಕೊಳ್ಳಿ. ಮನೆಯೊಳಗೆ ತಗಡಿನ ಅಡಿ ಕುದಿಯುವವರೇ ಹೆಚ್ಚಾಗಿ ಓಣಿಯಲ್ಲಿ ಕೂರುತ್ತಾರೆ.

ಹನ್ನೊಂದಡಿಯ ಓಣಿಯ ತುಂಬ ಗಿಡ ನೆಡಲಾಗದು. ತಿರುವಿನಲ್ಲಿ, ಅಗಲವಾದ ಕಡೆ, ಹಳೇ ಬಾವಿಯ ಪಕ್ಕ ಎರಡೋ ಮೂರೋ ಬೇವು, ಹೊಂಗೆ ಸಾಕು. ಆಲ, ಅರಳಿ ಗೋಡೆಯ ಹತ್ತಿರ ಬೇಡ. ಗುಂಡಿ ಒಂದು ಮೀಟರ್ ಉದ್ದ, ಅಗಲ, ಆಳ ಇರಲಿ. ಬುಡದ ಸುತ್ತ ಒಂದು ಮೀಟರ್ ನೆಲ ತೆರೆದಿರಲಿ. ಈಗಾಗಲೇ ಇರುವ ಮರಕ್ಕೆ ಬುಡದವರೆಗೆ ಸಿಮೆಂಟು ಮೆತ್ತಿದ್ದರೆ ಮೊದಲು ಅದನ್ನು ಬಿಡಿಸಿ, ಹೊಸ ಗಿಡ ಆಮೇಲೆ. ಕರೆಂಟಿನ ತಂತಿ ಎಲ್ಲಿದೆ ಎಂದು ವಿದ್ಯುತ್ ಕಂಪನಿ ಜೆಸ್ಕಾಂನವರ ಜೊತೆ ನೋಡಿಯೇ ಜಾಗ ಹಿಡಿಯಿರಿ. ಇಲ್ಲದಿದ್ದರೆ ಐದು ವರ್ಷ ಸಾಕಿದ ಬೇವಿನ ತಲೆಯನ್ನು ಅವರು ಕಡಿಯಲೇಬೇಕಾಗುತ್ತದೆ.

ಉಳಿದ ಕಡೆ ಮಾರ್ಚ್‌ನಿಂದ ಮೇ ಕೊನೆಯವರೆಗೆ ಗೋಡೆಯಿಂದ ಗೋಡೆಗೆ ಹಸಿರು ಜಾಲರಿ, ತಂತಿ ಮುಟ್ಟದಂತೆ, ಆಂಬುಲೆನ್ಸ್‌ಗೆ ತಾಗದಷ್ಟು ಎತ್ತರದಲ್ಲಿ. ಮಿರಗದ ಗಾಳಿಗೆ ಮುಂಚೆ ಬಿಚ್ಚಿ. ಮಾಳಿಗೆ ಮತ್ತು ತಗಡಿಗೆ ಬಿಳಿ ಸುಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗ, ಅವತ್ತೇ ರಾತ್ರಿ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಮಳೆನೀರು ಹಿಡಿಯುವ ಮಾಳಿಗೆಯಾದರೆ ಮೊದಲ ಮಳೆಯನ್ನು ಹೊರಗೆ ಬಿಡಲೇಬೇಕು.

ನೆಲದ ಮೇಲೇ ಬರೆಯಿರಿ

ಕಾಗದದ ನಕ್ಷೆ ಎಲ್ಲರಿಗೂ ಓದಲು ಬರುವುದಿಲ್ಲ. ತೋಡು, ಗಿಡದ ಗುಂಡಿ, ಕೂರುವ ಕಟ್ಟೆ, ಡ್ರಮ್ಮಿನ ಜಾಗ ಇವನ್ನೆಲ್ಲ ಓಣಿಯ ನೆಲದ ಮೇಲೇ ನಿಜವಾದ ಅಳತೆಯಲ್ಲಿ ರಂಗೋಲಿ ಪುಡಿಯಿಂದ ಬರೆಯಿರಿ. ಹೆಣ್ಣುಮಕ್ಕಳ ಕೈಗೆ ಕೊಟ್ಟರೆ ಅರ್ಧ ತಾಸಿನಲ್ಲಿ ಆಗುತ್ತದೆ. ಆಮೇಲೆ ಗಿಡದ ಜಾಗಕ್ಕೆ ಡಬ್ಬಿ, ಕಟ್ಟೆಯ ಜಾಗಕ್ಕೆ ಇಟ್ಟಂಗಿ ಇಟ್ಟು ಹದಿನೈದು ದಿನ ಬಿಡಿ. ಟ್ಯಾಂಕರ್ ತಿರುಗುತ್ತದೆಯೇ, ಆಂಬುಲೆನ್ಸ್ ಒಳಗೆ ಬರುತ್ತದೆಯೇ, ಶವ ಹೊತ್ತು ನಾಲ್ವರು ಅಗಲಕ್ಕೆ ನಡೆಯಲು ಆಗುತ್ತದೆಯೇ ಎಂಬುದು ತಾನಾಗಿ ತಿಳಿಯುತ್ತದೆ. ನಾವು ಇಟ್ಟಿದ್ದ ಒಂದು ಕಟ್ಟೆ ಎರಡನೇ ದಿನವೇ ಸರಿಯಬೇಕಾಯಿತು, ಗ್ಯಾಸ್ ಸಿಲಿಂಡರಿನ ಗಾಡಿ ಅಲ್ಲಿ ಸಿಕ್ಕಿಕೊಂಡಿತ್ತು.

ಈ ಹದಿನೈದು ದಿನಗಳಲ್ಲೇ ಒಬ್ಬ ತಾಯಿ ಕೇಳಿದರು: “ಮಗಳ ಲಗ್ನಕ್ಕ ಹಂದರ ಎಲ್ಲಿ ಹಾಕೋದರಿ?” ಓಣಿಯ ಮದುವೆಗಳಿಗೆ ಕಂಬ ನೆಡಲು ಪ್ರತಿ ಸಲ ಹಾರೆಯಿಂದ ರಸ್ತೆ ಒಡೆಯುತ್ತಾರೆ, ಆ ತೂತಿನಿಂದಲೇ ರಸ್ತೆ ಕಿತ್ತುಬರುತ್ತದೆ. ಆದ್ದರಿಂದ ಹತ್ತು ಹತ್ತು ಅಡಿಗೆ ಎರಡೂ ಬದಿ ಕಂಬ ನಿಲ್ಲಿಸಲು ಕಬ್ಬಿಣದ ಕೊಳವೆ ಹೂತು, ಮುಚ್ಚಳ ಹಾಕಿ ಬಿಡುವುದು ಎಂದು ತೀರ್ಮಾನವಾಯಿತು. ಬೇಸಿಗೆಯ ಜಾಲರಿಗೂ ಅವೇ ಕೊಳವೆ. ಇಡೀ ಯೋಜನೆಯಲ್ಲಿ ನನಗೆ ಬಹಳ ಇಷ್ಟವಾದ ಅಂಶ ಇದು.

ಕಾಗದದ ಕೆಲಸ

3 ಲಕ್ಷ ಜನಸಂಖ್ಯೆ ದಾಟಿದ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಕಲಬುರಗಿ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿದೆ. ನಿಮ್ಮ ವಾರ್ಡಿನ ಸಮಿತಿ ಸಭೆ ಸೇರುತ್ತಿದ್ದರೆ ಅಲ್ಲಿ ವಿಷಯ ಇಡಿ. ಸೇರದಿದ್ದರೆ ಸೇರಿಸಿ ಎಂದು ಆಯುಕ್ತರಿಗೆ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಯಾದಗಿರಿಯವರು ನಗರಸಭೆಯ ಪೌರಾಯುಕ್ತರಿಗೆ ಬರೆಯಬೇಕು.

ಅರ್ಜಿಯಲ್ಲಿ “ರಸ್ತೆ ಮಾಡಿಸಿಕೊಡಿ” ಎಂದಷ್ಟೇ ಬರೆದರೆ ಹಳೆಯ ಕಥೆಯೇ. ನಾವು ಹೀಗೆ ಬರೆದೆವು: “ನಮ್ಮ ಓಣಿಯ 38 ಮನೆಗಳ ಹೊಸ್ತಿಲ ಮಟ್ಟದ ಪಟ್ಟಿಯನ್ನು ಲಗತ್ತಿಸಿದ್ದೇವೆ. ಅತಿ ತಗ್ಗಿನ ಹೊಸ್ತಿಲಿಗಿಂತ 15 ಸೆಂಟಿಮೀಟರ್ ಕೆಳಗೆ ರಸ್ತೆಯ ಮೇಲ್ಮಟ್ಟ ನಿಗದಿಪಡಿಸಬೇಕು. ಇದಕ್ಕಾಗಿ ಹಳೆಯ ಸಿಸಿ, ಡಾಂಬರು ಪದರಗಳನ್ನು ಕಿತ್ತು ತೆಗೆಯುವುದನ್ನು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿಸಬೇಕು. ಅಂದಾಜುಪಟ್ಟಿ ತಯಾರಾಗುವ ಮೊದಲು ಇಂಜಿನಿಯರರು ಓಣಿಗೆ ಬಂದು ನಮ್ಮ ಜೊತೆ ಒಮ್ಮೆ ಅಳತೆ ನೋಡಬೇಕೆಂದು ವಿನಂತಿ.” ಸಹಿ ಹಾಕಿದವರಲ್ಲಿ ಬಾಡಿಗೆದಾರರೂ ಇದ್ದರು. ಬಂದ ಇಂಜಿನಿಯರರು ಪಟ್ಟಿ ನೋಡಿ ತಮ್ಮ ಯಂತ್ರದಿಂದ ನಾಲ್ಕು ಮನೆ ಪರೀಕ್ಷಿಸಿದರು. ನಾಲ್ಕೂ ಒಂದು ಸೆಂಟಿಮೀಟರಿನೊಳಗೆ ತಾಳೆಯಾದವು. ಆಮೇಲೆ ಅವರು ನಮ್ಮ ಜೊತೆ ಮಾತಾಡಿದ ರೀತಿಯೇ ಬೇರೆಯಾಯಿತು.

ಹಣ ಒಂದೇ ಮೂಲದಿಂದ ಬರಬೇಕಾಗಿಲ್ಲ. ವಾರ್ಡ್ ಅನುದಾನ, ಶಾಸಕರ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇವೆ. ರಾಜ್ಯದ ನಗರ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಶೇ 24.10, ಅಂಗವಿಕಲರಿಗಾಗಿ ಶೇ 5 ಹಣ ತೆಗೆದಿಡಬೇಕು. ಗಾಲಿಕುರ್ಚಿಗೆ ಬೇಕಾದ ಇಳಿಜಾರು, ಹಿಡಿಗಂಬಿಗಳನ್ನು ಈ ಪಾಲಿನಿಂದ ಕೇಳಬಹುದು. ಕಾಮಗಾರಿ ಮಂಜೂರಾದ ಮೇಲೆ ಅಂದಾಜುಪಟ್ಟಿಯ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ.

ಕೆಲಸ ಶುರುವಾದಾಗ

ಕಲ್ಲು ಕೂಡಿಸುವ ಮೊದಲು ನೀರಿನ ಪೈಪು, ಒಳಚರಂಡಿ, ಕರೆಂಟು ಮೂರೂ ಇಲಾಖೆಯವರಿಂದ “ನಮ್ಮದು ಮುಗಿದಿದೆ” ಎಂದು ಬರವಣಿಗೆಯಲ್ಲಿ ಪಡೆಯಿರಿ. ಮುಂದೆ ಕೇಬಲ್ ಎಳೆಯಲು ಅಡ್ಡಲಾಗಿ ಎರಡು ಮೂರು ಖಾಲಿ ಕೊಳವೆ ಹೂಳಿಸಿ. ದಿನಕ್ಕೊಬ್ಬರಂತೆ ಓಣಿಯವರು ನಿಲ್ಲಿ, ಕೈಯಲ್ಲಿ ಲೆವೆಲ್ ಪೈಪು ಇರಲಿ. ಅಗೆತ ಮುಗಿದಾಗ ಒಮ್ಮೆ, ಮುರುಮು ದಮ್ಮಸಾದಾಗ ಒಮ್ಮೆ, ಕಲ್ಲು ಕೂಡಿಸುವಾಗ ಒಮ್ಮೆ ಗೋಡೆಯ ಗೆರೆಯಿಂದ ಅಳೆಯಿರಿ. ಕೂಲಿಯವರಿಗೆ ನೀರು, ಚಹಾ, ಮಧ್ಯಾಹ್ನ ಕೂರಲು ನೆರಳು ಕೊಡಿ.

ನಮ್ಮಲ್ಲಿ ಓಣಿಯ ಕೆಳಗಿನ ಅರ್ಧ, ಅಂದರೆ ತಗ್ಗಿನ ಮನೆಗಳಿರುವ ಭಾಗ ಮುಗಿದಿದೆ. ಮೇಲಿನ ಅರ್ಧ ಮುಂದಿನ ಅನುದಾನಕ್ಕೆ ಕಾಯುತ್ತಿದೆ. ಕೆಳಗಿನ ಭಾಗವೇ ಮೊದಲಾಗಲಿ ಎಂದು ಮೇಲಿನ ಮನೆಗಳವರೇ ಸಹಿ ಹಾಕಿಕೊಟ್ಟರು.

ಮಿರಗಕ್ಕೆ ಎಂಟು ದಿನ ಮುಂಚೆ ಸೋಸುಗುಂಡಿಯ ಮರಳು ತೊಳೆಯುವುದು, ತೋಡಿನ ಕಸ ತೆಗೆಯುವುದು, ಡ್ರಮ್ಮುಗಳ ಮುಚ್ಚಳ ನೋಡುವುದು ಇವಕ್ಕೆ ಮೂರು ಮೂರು ಮನೆಗಳ ಸರದಿ ಇದೆ. ಗಿಡಗಳಿಗೆ ಎರಡು ಬೇಸಿಗೆ ನೀರು ಹಾಕುವವರ ಹೆಸರು ಕಟ್ಟೆಯ ಹಲಗೆಯ ಮೇಲಿದೆ. ಗೋಡೆಗಳ ಮೇಲಿನ ಮಟ್ಟದ ಗೆರೆಯನ್ನು ನಾವು ಅಳಿಸಲಿಲ್ಲ, ಕೆಂಪು ಬಣ್ಣದಿಂದ ತಿದ್ದಿ, ಪ್ರತಿ ಮನೆಯ ಹತ್ತಿರ ಹೊಸ್ತಿಲಿನ ಅಳತೆ ಬರೆಸಿದ್ದೇವೆ. ಮುಂದೆ ಯಾರೇ ಈ ಓಣಿಗೆ ರಸ್ತೆ ಹಾಕಲು ಬಂದರೂ ಮೊದಲು ಅದು ಅವರ ಕಣ್ಣಿಗೆ ಬೀಳಬೇಕು. ದೀಪಾವಳಿಗೆ ಗೋಡೆ ಸಾರಿಸಿ ಸುಣ್ಣ ಹಚ್ಚುವಾಗ ಗೆರೆ ಮುಚ್ಚಿಹೋದರೆ, ಮರುದಿನ ಆಯಿ ಕೋಲೂರಿಕೊಂಡು ಓಣಿ ತುಂಬ ನಡೆದು, ಯಾರ ಗೋಡೆಯ ಮೇಲೆ ಕೆಂಪು ಇಲ್ಲವೋ ಆ ಬಾಗಿಲು ಬಡಿಯುತ್ತಾರೆ.